ನಮ್ಮ ಕುರ್ಚಿಯ ತನಕ

ಅಧಿಕಾರ ವಿಕೇಂದ್ರೀಕರಣಕ್ಕೆ ನನ್ನ ವಿರೋಧವಿದೆ ಎಂದು ಎದ್ದು ನಿಂತು ಹೇಳಿದ ರಾಜಕಾರಣಿಯನ್ನು ನಾನು ಈವರೆಗೆ ಕಂಡಿಲ್ಲ. ಎಲ್ಲರೂ ಪರವೇ. ದೆಹಲಿಯಿಂದ ಬೆಂಗಳೂರಿಗೆ ಬರಲಿ ಎಂದು ಬೆಂಗಳೂರಿನವರು ಕೂಗುತ್ತಾರೆ, ಬೆಂಗಳೂರಿನಿಂದ ಜಿಲ್ಲೆಗೆ ಬರಲಿ ಎಂದು ಜಿಲ್ಲೆಯವರು. ನಮ್ಮ ಸೋದರಮಾವನ ಖಚಿತ ಅಭಿಪ್ರಾಯದಲ್ಲಿ ಅಧಿಕಾರ ಇಳಿದು ಬರಬೇಕಾದದ್ದು ಸರಿಯಾಗಿ ಮಂಡಲ ಪಂಚಾಯ್ತಿಯ ತನಕ. ಅದಕ್ಕೂ ಕೆಳಗೆ ಇಳಿದರೆ ಅರಾಜಕತೆ. ಅವರು ಆಗ ಮಂಡಲ ಪಂಚಾಯ್ತಿಯ ಸದಸ್ಯರಾಗಿದ್ದದ್ದು ಕಾಕತಾಳೀಯ.

ತನ್ನ ಕುರ್ಚಿಯನ್ನೂ ದಾಟಿ ಅಧಿಕಾರ ಕೆಳಗೆ ಹೋಗಲಿ ಎಂದವರು ಯಾರು ಎಂದರೆ ನನಗೆ ನೆನಪಾಗುವುದು ಗುಂಡ್ಲುಪೇಟೆಯ ಅಬ್ದುಲ್ ನಜೀರ್‌ಸಾಬ್. 1983ರಲ್ಲಿ ಬಂದ ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರು. ಬರದ ವರ್ಷಗಳಲ್ಲಿ ಊರೂರಿಗೆ ಕೊಳವೆಬಾವಿ ಕೊರೆಸಿ ‘ನೀರ್‌ಸಾಬ್’ ಅನ್ನಿಸಿಕೊಂಡವರು. ಅಷ್ಟಕ್ಕೇ ನಿಲ್ಲಿಸಿದ್ದರೆ ಊರಿಗೊಂದು ಹ್ಯಾಂಡ್‌ಪಂಪು, ಪಂಪಿಗೊಂದು ಕೃತಜ್ಞತೆ, ಜೀವನ ಸುಖವಾಗಿರುತ್ತಿತ್ತು. ಅವರು ನೀರಿನ ಜೊತೆಗೆ ಅಧಿಕಾರವನ್ನೂ ಹಳ್ಳಿಗೆ ಕೊಡಬೇಕೆಂದು ಹಟ ಹಿಡಿದರು. ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯ್ತಿಗಳ ಮಸೂದೆ ವಿಧಾನಮಂಡಲದಲ್ಲಿ ಪಾಸಾದದ್ದು 1983ರಲ್ಲಿ. ರಾಷ್ಟ್ರಪತಿಯ ಅಂಕಿತ ಬೀಳುವಾಗ 1985. ಕೆಳಕ್ಕೆ ಹೋಗಬೇಕಾದ ಅಧಿಕಾರ ಮೊದಲು ಮೇಲಕ್ಕೆ ಹೋಗಿ ಎರಡು ವರ್ಷ ದೆಹಲಿಯಲ್ಲಿ ಕೂತು ಬಂತು. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ.

ಕಾಯ್ದೆಯಲ್ಲಿ ಶಾಸಕರಿಗೆ ನುಂಗಲಾಗದ ಒಂದು ಅಂಶವಿತ್ತು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅವರ ಕೈಕೆಳಗೆ, ಜಿಲ್ಲಾಧಿಕಾರಿಗಿಂತ ಹಿರಿಯನಾದ ಐಎಎಸ್ ಅಧಿಕಾರಿ. ವಿಧಾನಸೌಧದಲ್ಲಿ ಕೈಯೆತ್ತಿ ಮಸೂದೆ ಪಾಸು ಮಾಡಿ ಜಿಲ್ಲೆಗೆ ಮರಳಿದ ಶಾಸಕರು ನೋಡುತ್ತಾರೆ, ನಿನ್ನೆ ಮೊನ್ನೆಯವರೆಗೆ ತಮ್ಮ ಜೀಪಿನ ಹಿಂದಿನ ಸೀಟಿನಲ್ಲಿ ಹಾರದ ಬುಟ್ಟಿ ಹಿಡಿದು ಕೂತಿದ್ದವನು ಗೂಟದ ಕಾರಿನಲ್ಲಿ ಬರುತ್ತಿದ್ದಾನೆ! ವಿಕೇಂದ್ರೀಕರಣದ ಬಗೆಗಿನ ಅನೇಕ ತಾತ್ವಿಕ ಆಕ್ಷೇಪಗಳು ಹುಟ್ಟಿದ್ದು ಆ ಗೂಟದ ಬುಡದಲ್ಲೇ ಎಂದು ನನ್ನ ಅನುಮಾನ.

ನಮ್ಮೂರಿಗೆ ಅಧಿಕಾರ ಬಂದದ್ದು ಗೊತ್ತಾದದ್ದು ಬಸ್‌ಸ್ಟಾಪಿನಲ್ಲಿ. ಮಾವ ಬೆಳಿಗ್ಗೆ ಎದುರಿನ ಚಹದಂಗಡಿಯಲ್ಲಿ ಕೂತು, ಬಸ್ಸಿನಿಂದ ಯಾವ ಮೇಷ್ಟ್ರು ಇಳಿದರು, ಯಾರು ಇಳಿಯಲಿಲ್ಲ ಎಂದು ನೋಡುತ್ತಿದ್ದರು. ಮಾತಿಲ್ಲ, ಕತೆಯಿಲ್ಲ; ಅರ್ಧ ಲೋಟ ಚಹ, ಒಂದು ನೋಟ. ಆ ಐದು ವರ್ಷ ಗಣಿತದ ಮೇಷ್ಟ್ರು ಒಂದು ದಿನವೂ ತಪ್ಪಿಸಲಿಲ್ಲ. ನಜೀರ್‌ಸಾಬರ ಕಾಯ್ದೆಯಿಂದ ನೇರವಾಗಿ ತೊಂದರೆಗೊಳಗಾದವರಲ್ಲಿ ನಾನೂ ಒಬ್ಬ.

ಮಂಡಲ ಪಂಚಾಯ್ತಿಯ ಸಭೆ ನಡೆಯುತ್ತಿದ್ದದ್ದು ಶಾಲೆಯ ಕೊಠಡಿಯಲ್ಲೇ. ಪ್ರಧಾನರಿಗೆ ಹೆಡ್‌ಮೇಷ್ಟ್ರ ಕೈಯಿರುವ ಕುರ್ಚಿ, ಉಳಿದವರು ಮೂರನೇ ಕ್ಲಾಸಿನ ಬೆಂಚಿನಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು. ಬಿಸಿಬಿಸಿ ಚರ್ಚೆ ಯಾವಾಗಲೂ ಗೋಮಾಳದ್ದು. ಒಬ್ಬರಿಗೆ ಅಲ್ಲಿ ಬಡವರಿಗೆ ನಿವೇಶನ ಆಗಬೇಕು, ಒಬ್ಬರಿಗೆ ಆಟದ ಮೈದಾನ, ಒಬ್ಬರಿಗೆ ಸ್ಮಶಾನ. ಗೋಮಾಳ ಉಳಿಸಬೇಕೆಂದು ಮೇಜು ಗುದ್ದಿ ಮಾತಾಡುತ್ತಿದ್ದವರು, ಅದರ ಪೂರ್ವದ ಅಂಚಿಗೆ ಆಗಲೇ ಕತ್ತಾಳೆ ಬೇಲಿ ಹಾಕಿ ಹುರುಳಿ ಬಿತ್ತಿದ್ದ ಹಿರಿಯರು. ಶೇಕಡ 25ರ ಮೀಸಲಾತಿಯಲ್ಲಿ ಬಂದಿದ್ದ ಸದಸ್ಯೆಯೊಬ್ಬರು ಸೆರಗು ಹೊದ್ದು ಸುಮ್ಮನೆ ಕೂರುತ್ತಿದ್ದರು. ಒಂದು ದಿನ ಅವರು, “ಎಲ್ಲಾ ಸರಿ, ದನ ಎಲ್ಲಿ ಮೇಯ್ಬೇಕು?” ಎಂದರು. ಪ್ರಧಾನರು ಕಾಗದ ತಿರುವಿ ಹಾಕಿ, “ದನದ ವಿಷಯ ಇವತ್ತಿನ ಅಜೆಂಡಾದಲ್ಲಿ ಇಲ್ಲ ತಾಯಿ” ಎಂದರು. ಆಮೇಲೆ ಬೆಂಚೊಂದರ ಕಾಲು ಮುರಿಯಿತು. ನಡವಳಿ ಪುಸ್ತಕದಲ್ಲಿ ಕಾರ್ಯದರ್ಶಿ ಬರೆದದ್ದು: ಸುದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು.

ಅಂಗೀಕರಿಸಿ ಏನಾಗಬೇಕು? ಗೋಮಾಳ ಕಂದಾಯ ಇಲಾಖೆಯದು. ಹೊಲವನ್ನು ಸೈಟು ಮಾಡುವ ಕನ್ವರ್ಷನ್, 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಜಿಲ್ಲಾಧಿಕಾರಿಗಳದು. ಬೀದಿದೀಪ ಇಳಿದು ಬಂತು, ಚರಂಡಿ ಬಂತು, ಪಂಪಿನ ವಾಷರೂ ಬಂತು. ಎಲ್ಲಕ್ಕಿಂತ ಕೆಳಗಿರುವ ಭೂಮಿ ಮಾತ್ರ ಕೆಳಗಿಳಿಯಲೇ ಇಲ್ಲ. ಬೆಂಗಳೂರಿಗೆ ಅದರ ಮೇಲಿನ ಮೋಹ ಯಾವ ಪಕ್ಷ ಬಂದರೂ ಒಂದೇ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ಕಿತ್ತು, ಕೃಷಿಕನಲ್ಲದವನೂ ಹೊಲ ಕೊಳ್ಳಬಹುದು ಎಂದಾಗ ನಮ್ಮೂರ ಪಂಚಾಯ್ತಿಯನ್ನು ಯಾರೂ ಕೇಳಲಿಲ್ಲ. ಹೆದ್ದಾರಿ ಬದಿಯ ರಾಗಿ ಹೊಲಗಳಲ್ಲಿ ಬಿಳಿ ಬಳಿದ ಕಲ್ಲುಗಳು ಎದ್ದಾಗಲೇ ನಮಗೆ ಕಾಯ್ದೆ ಅರ್ಥವಾದದ್ದು.

ನಜೀರ್‌ಸಾಬ್ 1988ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಪರಿಷತ್ತುಗಳಿಗೆ ಆಗ ಎರಡು ವರ್ಷವೂ ತುಂಬಿರಲಿಲ್ಲ. 1992ರಲ್ಲಿ ಅವಧಿ ಮುಗಿದು ಆಡಳಿತಾಧಿಕಾರಿಗಳು ಬಂದು ಕೂತರು. ಸಂವಿಧಾನದ 73ನೇ ತಿದ್ದುಪಡಿ, ರಾಜ್ಯದ 1993ರ ಹೊಸ ಕಾಯ್ದೆ, ಮಂಡಲ ಹೋಗಿ ಗ್ರಾಮ ಪಂಚಾಯ್ತಿ. ಮಾವ ಮತ್ತೆ ನಿಂತು ಸೋತರು. ಸೋಲು ದೊಡ್ಡದಲ್ಲ. ಅವರಿಗೆ ಬಿದ್ದ ಮತ ನಮ್ಮ ಬಂಧುಬಳಗದ ತಲೆಗಳಿಗಿಂತ ಕಡಿಮೆ ಇತ್ತು, ಅದೇ ಪೇಚು. ಅಂದಿನಿಂದ ನೆಂಟರ ಮದುವೆ ಊಟದಲ್ಲಿ ಮಾವ ಪಂಕ್ತಿಯ ಉದ್ದಕ್ಕೂ ಕಣ್ಣು ಹಾಯಿಸುತ್ತಾರೆ. ಪಾಯಸ ಬಡಿಸುವವನಿಗಾಗಿ ಅಲ್ಲ.

ಒಂದು ಮತದ ಬೆಲೆ ಏನೆಂದು ನಜೀರ್‌ಸಾಬರ ಗುಂಡ್ಲುಪೇಟೆ ಇರುವ ಚಾಮರಾಜನಗರ ಜಿಲ್ಲೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಸೋತವರ ಕಾರಿನ ಡ್ರೈವರಿಗೇ ಮತ ಹಾಕಲು ಬಿಡುವಾಗಲಿಲ್ಲವಂತೆ ಎಂದು ಜನ ಈಗಲೂ ಹೇಳಿಕೊಳ್ಳುತ್ತಾರೆ. ನಮ್ಮ ಮಾವನ ವಾದ ಬೇರೆ: ಅವರಿಗೆ ಕೊನೇಪಕ್ಷ ಮತ ಹಾಕದಿದ್ದವನು ಯಾರು ಅಂತ ಗೊತ್ತಾಯ್ತಲ್ಲ.

ಈಗ ನಜೀರ್‌ಸಾಬರ ಹೆಸರಿನ ಗ್ರಾಮೀಣಾಭಿವೃದ್ಧಿ ತರಬೇತಿ ಸಂಸ್ಥೆ ಮೈಸೂರಿನಲ್ಲಿದೆ. ಅವರು ಕಟ್ಟಿದ ಜಿಲ್ಲಾ ಪರಿಷತ್ತಿನ ವಾರಸುದಾರ ಜಿಲ್ಲಾ ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ಕೋರ್ಟು ಎನ್ನುತ್ತ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳೇ ನಡೆಸಿದರು. ದೇಶಕ್ಕೆ ದಾರಿ ತೋರಿಸಿದ ರಾಜ್ಯ ಎಂಬ ಮಾತನ್ನು ಭಾಷಣಗಳಲ್ಲಿ ಮಾತ್ರ ಯಾರೂ ಕೈಬಿಟ್ಟಿಲ್ಲ.

ಗ್ರಾಮಸಭೆಗೆ ಮಾವ ಇಂದಿಗೂ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗುತ್ತಾರೆ. ಗೋಮಾಳ ಬರುವುದು ಕಟ್ಟಕಡೆಯಲ್ಲಿ, “ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು” ಎಂಬಲ್ಲಿ. ಅಷ್ಟು ಹೊತ್ತಿಗೆ ಖಾರಾಬೂಂದಿ ಮುಗಿದು ಅರ್ಧ ಸಭೆ ಎದ್ದಿರುತ್ತದೆ. ಹೋದ ಸಲ ಮಾವ, ಸರ್ವೆ ಯಾವಾಗ ಎಂದು ಕೇಳಿದರು. ಮೊಮ್ಮಗಳ ವಯಸ್ಸಿನ ಪಿಡಿಒ ಬಹಳ ವಿನಯದಿಂದ, “ಡಿಸಿ ಆಫೀಸಿಗೆ ಬರೆದಿದೀವಿ ಸಾರ್, ಉತ್ತರ ಬರಬೇಕು” ಎಂದಳು.

“ನಾನೂ ಎಂಬತ್ತೇಳರಲ್ಲಿ ಬರೆದಿದ್ದೆ ಕಣಮ್ಮ,” ಎಂದರು ಮಾವ. “ನನ್ನದಕ್ಕೆ ಉತ್ತರ ಬಂದ್ರೆ ನಿನಗೂ ಒಂದು ಜೆರಾಕ್ಸ್ ಕಳಿಸ್ತೀನಿ.”