ಕುದಾಪುರದಲ್ಲಿ ಕೆಸುವಿನ ಪರೀಕ್ಷೆ

ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿರುವ ಕುದಾಪುರವು ನಾಯಕನಹಟ್ಟಿಯ ಸಮೀಪದ ಒಣಸೀಮೆ; ಅಮೃತಮಹಲ್ ಕಾವಲಿನ ಹುಲ್ಲುಗಾವಲು. ಅಲ್ಲಿ ಒಂದು ಮನೆಯ ಬಚ್ಚಲುನೀರಿನ ತಗ್ಗಿನಲ್ಲಿ ಆನೆಕಿವಿಯಂತಹ ಎಲೆಗಳನ್ನು ಕಂಡು ವಿಸ್ಮಿತರಾದೆವು. ಮಲೆನಾಡಿನಿಂದ ಬಂದ ಸೊಸೆಯು ಪತ್ರೊಡೆಗೆಂದು ಅವನ್ನು ಕೊಯ್ಯಲು ಹೊರಟಿದ್ದಳು.

“ತಾಳಮ್ಮಾ, ಇಲ್ಲಿ ಎರಡು ಜಾತಿಗಳುಂಟು” ಎಂದೆವು. ಎಲೆಯ ಗಾತ್ರವನ್ನು ನಂಬಲಾಗದು, ತೊಟ್ಟನ್ನು ನೋಡತಕ್ಕದ್ದು. ಕೆಸುವಿನಲ್ಲಿ ಅದು ಸೀಳಿನ ಬುಡವನ್ನು ಬಿಟ್ಟು ತುಸು ಒಳಗೆ, ಎಲೆಯ ಬೆನ್ನಿಗೆ ಕೂಡಿರುತ್ತದೆ. ಮೈ ಮಂಕು, ತುದಿ ನೆಲದ ಕಡೆಗೆ, ನೀರು ಮುತ್ತಾಗಿ ಉರುಳುವುದು. ಅಲಂಕಾರಕ್ಕೆ ಬೆಳೆಸುವ ಅಲೊಕೇಸಿಯಾದ ಬಲಿತ ಎಲೆಯಲ್ಲಿ ತೊಟ್ಟು ಸಾಮಾನ್ಯವಾಗಿ ಸೀಳಿನ ಬುಡದಲ್ಲಿಯೇ ಸೇರುವುದು. ಮೈ ಹೊಳಪು, ತುದಿ ಆಕಾಶಮುಖ. ಅದು ಅಡುಗೆಗಲ್ಲ.

ಕೆಸುವಿನಲ್ಲಿಯೂ ಗಂಟಲನ್ನು ಕೆರೆಯುವ ಸೂಜಿಯಂತಹ ಆಕ್ಸಲೇಟ್ ಹರಳುಗಳುಂಟು. ಚೆನ್ನಾಗಿ ಬೇಯಿಸದೆ ತಿನ್ನಲಾಗದು. ಅತ್ತೆಯು ಅದಾಗಲೇ ಹುಣಿಸೆಹಣ್ಣನ್ನು ನೆನೆಹಾಕಿದ್ದರು.