ಭೂಮಿಯನ್ನೇ ದಾಟಿ ಬಂದ ಅಲೆ

2017ರ ಆಗಸ್ಟ್ 17, ಗುರುವಾರ, ಸಂಜೆ 6 ಗಂಟೆ 11 ನಿಮಿಷ. ನಮ್ಮಲ್ಲಿ ಅಸರ್ ನಮಾಝ್ ಮುಗಿದು, ಮಗ್ರಿಬ್ ಅಝಾನ್‌ಗೆ ಇನ್ನೂ ಸ್ವಲ್ಪ ಸಮಯವಿತ್ತು. ಆಗ ಒಂದು ಗುರುತ್ವ ಅಲೆ ನಮ್ಮೆಲ್ಲರ ಮೈಯೊಳಗಿಂದ ಹಾದುಹೋಯಿತು. ಯಾರಿಗೂ ತಿಳಿಯಲಿಲ್ಲ. ನಾನಾಗ ಪ್ರಾಥಮಿಕ ಶಾಲೆಯಲ್ಲಿದ್ದೆ.

ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದನ್ನೊಂದು ಸುತ್ತುತ್ತಾ ಕೂಡಿಕೊಂಡಾಗ ಎದ್ದ ಅಲೆ ಅದು. ಗುರುತ್ವ ಅಲೆಯಲ್ಲಿ ಅಲುಗುವುದು ಗಾಳಿಯೂ ಅಲ್ಲ, ನೀರೂ ಅಲ್ಲ, ಆಕಾಶವೇ. ಅದು ಒಂದು ದಿಕ್ಕಿನಲ್ಲಿ ಹಿಗ್ಗುವಾಗ ಅದಕ್ಕೆ ಲಂಬವಾದ ದಿಕ್ಕಿನಲ್ಲಿ ಕುಗ್ಗುತ್ತದೆ.

ಆ ಅಲೆ ಮೊದಲು ಮುಟ್ಟಿದ್ದು ಇಟಲಿಯ ವರ್ಗೊ ಕೇಂದ್ರವನ್ನು. ಸುಮಾರು 22 ಮಿಲಿಸೆಕೆಂಡ್ ನಂತರ ಅಮೆರಿಕದ ಲಿವಿಂಗ್‌ಸ್ಟನ್, ಇನ್ನೂ 3 ಮಿಲಿಸೆಕೆಂಡ್ ಕಳೆದು ಹ್ಯಾನ್‌ಫರ್ಡ್. ಆ ಹೊತ್ತಿಗೆ ಆ ನಕ್ಷತ್ರಗಳಿದ್ದ ದಿಕ್ಕು ಅಮೆರಿಕದವರ ಕಾಲ ಕೆಳಗಿತ್ತು. ಅಂದರೆ ಅಲೆ ಭೂಮಿಯ ಒಳಗಿಂದಲೇ ಬಂದು ಅಲ್ಲಿಗೆ ತಲುಪಿತು! ಬೆಳಕನ್ನು ಒಂದು ಗೋಡೆ ತಡೆಯುತ್ತದೆ. ಈ ಅಲೆಗೆ ಸಾವಿರಾರು ಕಿಲೋಮೀಟರ್ ಕಲ್ಲೂ ಲೆಕ್ಕಕ್ಕಿಲ್ಲ.

"ಯಾವುದಕ್ಕೂ ಸಿಕ್ಕದೆ ಹೋಗುವುದನ್ನು ಹಿಡಿಯುವುದು ಹೇಗೆ? ಹಿಡಿದರೆ ಏನು ಲಾಭ?" ಎಂದು ಗೆಳೆಯನೊಬ್ಬ ಕೇಳಿದ. ಅಮೆರಿಕದ ಆ ಎರಡು ಲೈಗೊ ಕೇಂದ್ರಗಳಲ್ಲಿ 4 ಕಿ.ಮೀ. ಉದ್ದದ ಎರಡೆರಡು ಕೊಳವೆಗಳು ಲಂಬವಾಗಿವೆ. ಅವುಗಳಲ್ಲಿ ಓಡುವ ಲೇಸರ್ ಬೆಳಕು, ಉದ್ದದಲ್ಲಾಗುವ ವ್ಯತ್ಯಾಸವನ್ನು ಅಳೆಯುತ್ತದೆ. ಆ ವ್ಯತ್ಯಾಸವೋ, ಪ್ರೋಟಾನ್ ವ್ಯಾಸದ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ.

ಲಾಭದ ಮಾತಿಗೆ ನನಗೆ ದಾದಿ ಹೇಳುವ 'ಅಮಾನತ್' ನೆನಪಾಗುತ್ತದೆ. ಪತ್ರಿಕೆಗಳಲ್ಲಿ ಬರುವ ಕೆಲಸದ ಅಮಾನತು ಅಲ್ಲ; ನಂಬಿ ಕೊಟ್ಟದ್ದನ್ನು ಹಾಗೆಯೇ ಒಪ್ಪಿಸುವುದು. ನಕ್ಷತ್ರದ ಬೆಳಕು ದಾರಿಯ ಧೂಳಿನಲ್ಲಿ ಚದುರಿ ಮಂಕಾಗುತ್ತದೆ. ಗುರುತ್ವ ಅಲೆ ದೂರ ಹೋದಷ್ಟೂ ಕ್ಷೀಣಿಸುತ್ತದೆ ನಿಜ, ಆದರೆ ದಾರಿಯಲ್ಲಿ ಸಿಕ್ಕ ವಸ್ತುಗಳು ಅದರ ಸುದ್ದಿಯನ್ನು ಕೆಡಿಸುವುದಿಲ್ಲ. ಅದರ ಏರಿಳಿತದಿಂದಲೇ ಆ ನಕ್ಷತ್ರಗಳ ತೂಕವನ್ನು ಲೆಕ್ಕ ಹಾಕಿದರು. ಹಿಡಿಯಲು ಕಷ್ಟವಾಗುವ ಗುಣವೇ ಅದನ್ನು ನಂಬಿಗಸ್ತ ದೂತನನ್ನಾಗಿ ಮಾಡಿದೆ.

ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಲೈಗೊ-ಇಂಡಿಯಾ ಸ್ಥಾಪಿಸಲು 2023ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದೆ. ಅಲ್ಲಿ ಕೆಲಸ ಮಾಡಲು ಭೌತಶಾಸ್ತ್ರ ಓದಿದವರು ಬೇಕು. ನಮ್ಮ ತರಗತಿಯಲ್ಲಿ ಮಾತೆಲ್ಲ ನೀಟ್ ಮತ್ತು ಸಿಇಟಿಯದ್ದೇ, ಮನೆಯಲ್ಲೂ ಅಷ್ಟೇ. ನನಗೆ ಬಿ.ಎಸ್ಸಿ. ಸೇರುವ ಆಸೆ. ಅಬ್ಬಾಗೆ ಇನ್ನೂ ಹೇಳಿಲ್ಲ. ಈ ಸಂಚಿಕೆ ಅಚ್ಚಾಗಿ ಬಂದ ದಿನ ಅವರ ಕೈಗೆ ಕೊಡಬೇಕೆಂದಿದ್ದೇನೆ.