ಮದುವೆಯನ್ನು ಸುಟ್ಟ ರಾತ್ರಿ

2007ನೆಯ ಇಸವಿಯ ಬೇಸಿಗೆಯ ರಜೆ. ಗುಬ್ಬಿಯ ನಮ್ಮ ಹಳೆಯ ಮನೆಯಲ್ಲಿ ರಾತ್ರಿಯ ಊಟ ಮುಗಿದಿತ್ತು. ಇಂಜಿನಿಯರಿಂಗ್ ಓದುತ್ತಿದ್ದ ನನ್ನ ಮಗ ಕೈ ತೊಳೆದು ಬಂದವನೇ, "ಅಜ್ಜೀ, ಈ ರಾತ್ರಿ ಅತ್ತೆಯ ಮದುವೆಯನ್ನು ಸುಟ್ಟುಬಿಡುತ್ತೇವೆ" ಎಂದ. ನಮ್ಮ ತಾಯಿಯವರು ಹೂಬತ್ತಿ ಹೊಸೆಯುತ್ತಿದ್ದ ಹತ್ತಿಯನ್ನು ಕೆಳಗಿಟ್ಟು, "ಬಿಡ್ತು ಅನ್ನೋ! ಬಾಳಿ ಬದುಕುತ್ತಿರುವ ಮಗಳ ಮದುವೆಯನ್ನು ಸುಡುತ್ತಾನಂತೆ" ಎಂದು ಗದರಿದರು. ಕಂಪ್ಯೂಟರಿನ ಭಾಷೆಯಲ್ಲಿ ಡಿಸ್ಕಿನ ಮೇಲೆ ಚಿತ್ರವನ್ನು ಬರೆಯುವುದಕ್ಕೆ 'ಬರ್ನ್' ಎನ್ನುತ್ತಾರೆ. ಹುಡುಗ ಅದನ್ನೇ ತಮಾಷೆಗೆ ಕನ್ನಡಿಸಿದ್ದ. ತಾಯಿಯವರನ್ನು ಸಮಾಧಾನಪಡಿಸುವಷ್ಟರಲ್ಲಿ ನಮಗೆ ಸಾಕುಸಾಕಾಯಿತು.

ನಾವು ಸುಡಲು ಹೊರಟದ್ದು 1993ರಲ್ಲಿ ನಡೆದ ನನ್ನ ತಂಗಿಯ ಮದುವೆಯ ವೀಡಿಯೋ ಕ್ಯಾಸೆಟ್ಟು. ಆ ಕಾಲದಲ್ಲಿ ಮದುವೆಗೆ ಪುರೋಹಿತರಷ್ಟೇ ವೀಡಿಯೋದವನೂ ಮುಖ್ಯ. ಹೆಗಲ ಮೇಲೆ ದಪ್ಪನೆಯ ಕ್ಯಾಮೆರಾ, ಹಿಂದೆ ಕಣ್ಣು ಕುಕ್ಕುವ ದೀಪ ಹಿಡಿದ ಹುಡುಗ; ಆ ದೀಪದ ಶಾಖಕ್ಕೆ ಮದುಮಗಳ ಬಾಸಿಂಗವೇ ಬಾಡುತ್ತಿತ್ತು. ಮೂರು ಗಂಟೆಗಳ ಆ ಕ್ಯಾಸೆಟ್ಟನ್ನು ನಾವು ಮೊದಲ ಎರಡು ವರ್ಷ ಬಂದವರಿಗೆಲ್ಲ ತೋರಿಸಿ ಸುಸ್ತುಮಾಡಿದೆವು. ಆಮೇಲೆ ಅದು ಅಟ್ಟವನ್ನು ಸೇರಿತು.

ಅಟ್ಟವೆಂಬುದು ಕ್ಯಾಸೆಟ್ಟಿಗೆ ಹೇಳಿಸಿದ ಜಾಗವಲ್ಲ. ಅದರ ಒಳಗಿರುವುದು ಅರ್ಧ ಅಂಗುಲ ಅಗಲದ ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಕಾಂತಗುಣವುಳ್ಳ ಅತಿ ಸಣ್ಣ ಕಣಗಳ ಲೇಪ. ಚಿತ್ರವೂ ದನಿಯೂ ಆ ಕಣಗಳ ಕಾಂತಸ್ಥಿತಿಯಲ್ಲಿಯೇ ಅಡಗಿರುತ್ತವೆ. ಮಳೆಗಾಲದ ತೇವಕ್ಕೆ ಪಟ್ಟಿಗೆ ಬೂಷ್ಟು ಹಿಡಿಯುತ್ತದೆ, ಲೇಪ ಸಡಿಲವಾಗುತ್ತದೆ, ಪ್ರತಿ ಸಲ ಓಡಿಸಿದಾಗಲೂ ಯಂತ್ರದ ತಲೆಗೆ ಉಜ್ಜಿ ಚೂರು ಚೂರೇ ಸವೆಯುತ್ತದೆ. ಮಗ ಕ್ಯಾಸೆಟ್ಟನ್ನು ಕೆಳಗಿಳಿಸಿ ನೋಡಿದಾಗ ಅಂಚಿನಲ್ಲಿ ಬಿಳಿಯ ಬೂಷ್ಟು ಕಾಣಿಸಿತ್ತು. "ಇನ್ನೊಂದು ಮಳೆಗಾಲ ಕಳೆದರೆ ಮುಗಿಯಿತು" ಎಂದ.

ಮದುವೆಯ ಚಿತ್ರ ಹೋದರೆ ಹೋಗಲಿ, ತಂಗಿ ಸುಖವಾಗಿದ್ದಾಳೆ ಎಂದು ನಾನು ಸುಮ್ಮನಿರಬಹುದಾಗಿತ್ತು. ಸುಮ್ಮನಿರಲಾಗದ ಕಾರಣ ಬೇರೆ ಇತ್ತು. ನಮ್ಮ ತಂದೆಯವರು 1998ರಲ್ಲಿ ತೀರಿಕೊಂಡರು. ಅವರ ಫೋಟೋಗಳು ಮನೆಯಲ್ಲಿ ನಾಲ್ಕಾರು ಇವೆ. ದನಿ ಮಾತ್ರ ಬೇರೆಲ್ಲಿಯೂ ಇರಲಿಲ್ಲ.

ನಮ್ಮ ಊರಿನ ಹೆಸರು ಹೇಳಿದರೆ ನಾಡಿಗೆ ನೆನಪಾಗುವುದು ನಾಟಕ. 1884ರಲ್ಲಿ ಇಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯೂ, ಅದನ್ನು ನಾಡಿನಾದ್ಯಂತ ಬೆಳಗಿಸಿದ ಗುಬ್ಬಿ ವೀರಣ್ಣನವರೂ ನಿಮಗೆ ಪರಿಚಿತರೇ. 'ಕುರುಕ್ಷೇತ್ರ'ಕ್ಕೆ ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನು ತಂದವರು ಅವರು. 'ಸದಾರಮೆ'ಯ ಕಳ್ಳನಾಗಿ ಜನರನ್ನು ನಗಿಸಿದವರೂ ಅವರೇ. ನಮ್ಮ ತಂದೆ ತೆಂಗಿನಕಾಯಿಯ ವ್ಯಾಪಾರಿ. ಆದರೆ ಆ ಕಂಪನಿಯ ನಾಟಕಗಳನ್ನು ನೋಡಿ ನೋಡಿ ರಂಗಗೀತೆಗಳೆಲ್ಲ ಅವರಿಗೆ ಬಾಯಿಪಾಠವಾಗಿದ್ದವು. ಕಾಯಿ ಎಣಿಸುವಾಗಲೂ ಹಾಡು, ಲೆಕ್ಕ ತಪ್ಪಿದಾಗಲೂ ಹಾಡು. ತಂಗಿಯ ಮದುವೆಯ ಸಂಜೆ ಬೀಗರು ಒತ್ತಾಯ ಮಾಡಿದ್ದರಿಂದ ಹಾರ್ಮೋನಿಯಂ ಮುಂದೆ ಕುಳಿತು ಒಂದು ಹಾಡನ್ನು ಪೂರ್ತಿಯಾಗಿ ಹಾಡಿದ್ದರು. ಕ್ಯಾಮೆರಾ ಎದುರಿಗೇ ಇತ್ತು.

ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವ ಕೆಲಸದಲ್ಲಿ ಅವಸರಕ್ಕೆ ಎಡೆಯಿಲ್ಲ. ಮೂರು ಗಂಟೆಯ ಮದುವೆ ಮೂರು ಗಂಟೆಯೇ ಓಡಬೇಕು. ಎರವಲು ತಂದ ವಿ.ಸಿ.ಆರ್.ನಿಂದ ತಂತಿಯೊಂದು ಕಂಪ್ಯೂಟರಿಗೆ ಹೋಗಿತ್ತು; ಅದರೊಳಗಿನ ಒಂದು ಕಾರ್ಡು ಪ್ರತಿ ಸೆಕೆಂಡಿಗೆ 25ರಂತೆ ಬರುವ ಚಿತ್ರಗಳನ್ನು ಅಂಕಿಗಳಾಗಿ ಬದಲಾಯಿಸಿ ತುಂಬಿಕೊಳ್ಳುತ್ತಿತ್ತು. ನಾನು ಎದುರಿಗೇ ಕುಳಿತು ನೋಡಿದೆ. ನಾಂದಿ, ಧಾರೆ, ಊಟದ ಪಂಕ್ತಿ ಎಲ್ಲವೂ ಬಂದವು. ಕೊನೆಗೆ ಹಾರ್ಮೋನಿಯಂ ಬಂದಿತು. ತಂದೆಯವರು ಬಾಯಿ ತೆರೆದರು. ಕೇಳಿಸಿದ್ದು ಒಂದು ಸಿನಿಮಾ ಹಾಡು!

ವೀಡಿಯೋದವರು ಅಂದು ಮೂಲ ಶಬ್ದವನ್ನು ಅಳಿಸಿ ಚಿತ್ರಗೀತೆಗಳನ್ನು ಅದರ ಜಾಗದಲ್ಲಿ ಕೂರಿಸುವುದು ರೂಢಿಯಾಗಿತ್ತು. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಏಕೆಂದರೆ, "ಯಾವ ಹಾಡು ಹಾಕಲಿ ಸಾರ್?" ಎಂದು ಅವನು ಕೇಳಿದಾಗ ಪಟ್ಟಿ ಬರೆದುಕೊಟ್ಟವನು ನಾನು. "ಈ ಗದ್ದಲ ಯಾವುದೂ ಬೇಡ, ಹಾಡು ತುಂಬಿಸಿಬಿಡಿ" ಎಂದವನೂ ನಾನೇ. ಕನ್ನಡದ ಮೇಷ್ಟರ ಮನೆಯ ವೀಡಿಯೋ ಲಕ್ಷಣವಾಗಿರಬೇಕೆಂಬ ಒಣ ಜಂಬ. ಆ ಗದ್ದಲದಲ್ಲಿ ನನ್ನ ತಂದೆಯೂ ಇದ್ದರೆಂಬುದು ಹದಿನಾಲ್ಕು ವರ್ಷಗಳ ಮೇಲೆ ಹೊಳೆಯಿತು. ಮೂಲ ಕ್ಯಾಸೆಟ್ಟನ್ನು ಮರುದಿನವೇ ಹುಡುಕಿಕೊಂಡು ಹೋದೆ. ಒಂದು ಮದುವೆಯ ಮೇಲೆ ಇನ್ನೊಂದನ್ನು ಚಿತ್ರಿಸಿ ಎಂದೋ ಬಳಸಿಬಿಟ್ಟಿದ್ದರು.

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತೆರೆಗೆ ಬಂದದ್ದು 1934ರಲ್ಲಿ. ಸುಬ್ಬಯ್ಯನಾಯ್ಡು, ತ್ರಿಪುರಾಂಬ ಅಭಿನಯಿಸಿದ ಆ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಕನ್ನಡ ಬೆಳ್ಳಿತೆರೆಯ ಮೇಲೆ ಮೊದಲು ಆಡಿದ ಮಾತು ಹೇಗಿತ್ತೆಂದು ನಾವು ಕೇಳಲಾರೆವು. ಇದನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿ, 'ಎಂಥ ಅಲಕ್ಷ್ಯ!' ಎಂದು ಹಿಂದಿನವರನ್ನು ಹಳಿದಿದ್ದೆ. ಆ ದಿನದಿಂದ ಹಳಿಯುವುದನ್ನು ನಿಲ್ಲಿಸಿದೆ.

ಆದರೆ ಮಗ ಬಿಡಲಿಲ್ಲ. ಹಾಡು ಮುಗಿಯುವ ಎಡೆಗೆ ಹಿಂದೆ ಮುಂದೆ ಓಡಿಸಿ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕುಳಿತ. ಸಿನಿಮಾ ಹಾಡು ಒಂದು ಮುಗಿದು ಇನ್ನೊಂದು ಮೊದಲಾಗುವುದರ ನಡುವೆ ವೀಡಿಯೋದವನ ಕೈ ಕೊಂಚ ತಡವಾಗಿತ್ತು. ಅಲ್ಲಿ ಹನ್ನೊಂದು ಸೆಕೆಂಡು ಮೂಲ ಶಬ್ದ ಉಳಿದಿತ್ತು. ಮೊದಲು ಹಾರ್ಮೋನಿಯಂನ ಕೊನೆಯ ಸ್ವರ, ಬೀಗರ ಚಪ್ಪಾಳೆ, ಯಾವುದೋ ಮಗುವಿನ ಅಳು. ಆಮೇಲೆ ತಂದೆಯವರು: "ಸಾಕಪ್ಪಾ, ಗಂಟಲು ಒಣಗಿಹೋಯಿತು. ಒಂದು ಲೋಟ ನೀರು ಕೊಡ್ರಮ್ಮ."

ತಾಯಿಯವರನ್ನು ಕರೆದು ಕೇಳಿಸಿದೆವು. ಅವರು ಅಳಲಿಲ್ಲ. "ನಾನೇ ಕೊಟ್ಟೆ. ಹಿತ್ತಾಳೆ ಲೋಟದಲ್ಲಿ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಇನ್ನೊಂದು ಸಲ ಹಾಕು" ಎಂದರು. ಮದುವೆಯನ್ನು ಸುಡುವುದಕ್ಕೆ ಒಪ್ಪಿಗೆ ದೊರೆತದ್ದು ಆಗಲೇ.

ಸುಡುವುದೆಂದರೆ ತೀರ ಸುಳ್ಳೂ ಅಲ್ಲ. ಅಂಗಡಿಯಿಂದ ತಂದ ಖಾಲಿ ಡಿ.ವಿ.ಡಿ.ಯ ಒಡಲಲ್ಲಿ ಬಣ್ಣದ ತೆಳುವಾದ ಪದರವಿರುತ್ತದೆ. ಡ್ರೈವಿನ ಕೆಂಪು ಲೇಸರ್ ಕಿರಣ ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಸಾಗುತ್ತ ಆ ಬಣ್ಣವನ್ನು ಕಾಯಿಸಿ ಚುಕ್ಕಿಚುಕ್ಕಿಯಾಗಿ ಮಾರ್ಪಡಿಸುತ್ತದೆ. ಚುಕ್ಕಿಯಿದ್ದ ಕಡೆ ಬೆಳಕು ಕಡಿಮೆ ಮರಳುತ್ತದೆ, ಇಲ್ಲದ ಕಡೆ ಹೆಚ್ಚು ಮರಳುತ್ತದೆ. ಆ ವ್ಯತ್ಯಾಸವೇ ಮತ್ತೆ ಚಿತ್ರವಾಗಿ, ದನಿಯಾಗಿ ಹೊಮ್ಮುತ್ತದೆ. ಒಂದು ಡಿಸ್ಕಿನಲ್ಲಿ 4.7 ಗಿಗಾಬೈಟ್ ಮಾತ್ರ ಹಿಡಿಸುವುದರಿಂದ ಮದುವೆಯನ್ನು ಎರಡು ಡಿಸ್ಕುಗಳಿಗೆ ಹಂಚಬೇಕಾಯಿತು. ಬರೆಯುವ ವೇಗವನ್ನು ಕಡಿಮೆಯಿಟ್ಟೆವು; ಒಂದೊಂದಕ್ಕೆ ಕಾಲು ಗಂಟೆ.

ಮೊದಲನೆಯದು ಮುಕ್ಕಾಲು ಮುಗಿದಿರಬೇಕು, ಕರೆಂಟು ಹೋಯಿತು. ಗುಬ್ಬಿಯಲ್ಲಿ ಆಗ ಕರೆಂಟು ಹೋಗುವುದು ಸುದ್ದಿಯಲ್ಲ. ಆದರೆ ನಡುವೆ ನಿಂತ ಸುರುಳಿ ಮತ್ತೆ ಮುಂದುವರಿಯದು, ಡಿಸ್ಕು ವ್ಯರ್ಥ. ತಾಯಿಯವರು ಅದನ್ನು ಹಿತ್ತಲಿನ ನುಗ್ಗೆಯ ಕೊಂಬೆಗೆ ದಾರ ಕಟ್ಟಿ ತೂಗಿಬಿಟ್ಟರು. ಬಿಸಿಲಿಗೆ ಅದು ಥಳಥಳಿಸುವುದನ್ನು ಕಂಡು ಹಕ್ಕಿಗಳು ಕೆಲವು ದಿನ ಹೆದರಿದವು. ನೆರೆಯವನಿಂದ ಯು.ಪಿ.ಎಸ್. ತಂದು ಮತ್ತೆ ಕೂತಾಗ ನಡುರಾತ್ರಿ. ಎರಡನೆಯ ಡಿಸ್ಕಿನ ತಟ್ಟೆ ಹೊರಬಂದಾಗ ಕೈಯಲ್ಲಿ ಹಿಡಿದೆ, ಬೆಚ್ಚಗಿತ್ತು.

ತಾಯಿಯವರು 2014ರಲ್ಲಿ ತೀರಿಕೊಳ್ಳುವವರೆಗೆ ಆ ಹನ್ನೊಂದು ಸೆಕೆಂಡನ್ನು ಎಷ್ಟು ಸಲ ಕೇಳಿದರೋ ಲೆಕ್ಕವಿಲ್ಲ. ಆಮೇಲೆ ಕಾಲ ನನ್ನ ಕಣ್ಣೆದುರಿಗೇ ಸರಿಯಿತು. 2016ರಲ್ಲಿ ಜಪಾನಿನ ಫುನಾಯ್ ಕಂಪನಿ ವಿ.ಸಿ.ಆರ್. ತಯಾರಿಕೆಯನ್ನು ನಿಲ್ಲಿಸಿತು. ಈಗ ಮಗ ಕೊಡಿಸಿರುವ ಕಂಪ್ಯೂಟರಿನಲ್ಲಿ ಡಿಸ್ಕು ಹಾಕುವ ಬಾಯೇ ಇಲ್ಲ. ಬಣ್ಣದ ಪದರವೂ ಶಾಶ್ವತವಲ್ಲ. ಬಿಸಿಲು, ಸೆಖೆ, ಕೈಬೆರಳಿನ ಗೀರು ಎಲ್ಲವೂ ಅದಕ್ಕೆ ವೈರಿಗಳೇ.

2023ರ ಆಷಾಢದಲ್ಲಿ ತಂಗಿಯ ಮಗಳು ಬಂದಿದ್ದಳು. ಅವಳಿಗೆ ಮದುವೆ ಗೊತ್ತಾಗಿತ್ತು. ಅಮ್ಮನ ಮದುವೆಯನ್ನು ನೋಡಬೇಕೆಂದಳು. ಜೊತೆಯಲ್ಲಿ ಅಂಗೈ ಅಗಲದ ಡ್ರೈವೊಂದನ್ನು ತಂದಿದ್ದಳು. ಡಿಸ್ಕಿನ ಅಂಚು ಮಾಸಲಾಗಿತ್ತು. ಅಂಚೆಂದರೆ ಸುರುಳಿಯ ಕೊನೆ, ಎಂದರೆ ಮದುವೆಯ ಸಂಜೆ. ಊಟದ ಪಂಕ್ತಿಯ ತನಕ ಸರಾಗವಾಗಿ ಓಡಿದ ಚಿತ್ರ ಹಾರ್ಮೋನಿಯಂ ಬಳಿ ಚೌಕಚೌಕವಾಗಿ ಒಡೆದು ನಿಂತಿತು. ಡ್ರೈವು ಕರಕರ ಎಂದಿತು. ಹುಡುಗಿ ಡಿಸ್ಕನ್ನು ಹೊರತೆಗೆದು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರಸಿ ಮತ್ತೆ ಹಾಕಿದಳು. ಚಿತ್ರ ಚಲಿಸಲಿಲ್ಲ. ನಾನು ಏಳಲು ಹೊರಟೆ. ಆಗ ನಿಂತ ಚಿತ್ರದ ಒಳಗಿನಿಂದಲೇ ದನಿ ನೀರು ಕೇಳಿತು.

ಹುಡುಗಿ ಅಷ್ಟನ್ನು ಕೂಡಲೇ ತನ್ನ ಫೋನಿಗೆ ಇಳಿಸಿಕೊಂಡಳು. ಇನ್ನೊಂದು ಪ್ರತಿ ನನ್ನ ಮಗನಿಗೆ ಹೋಯಿತು, ಮತ್ತೊಂದು ತಂಗಿಗೆ.